ಕಡಿಯದ ಕರೆ

೭ ಜನವರಿ ೧೯೯೦, ಭಾನುವಾರ
ಇಲಾಖೆಯ ವಸತಿಗೃಹ, ಮೂರನೆಯ ಮಹಡಿ

ಮೈದುನನಿಗೆ,

ನಿನ್ನ ಅಕ್ಕ ವಿದೇಶಕ್ಕೆ ಹೊರಟು ನಾಲ್ಕು ತಿಂಗಳಾಯಿತು. ಮನೆಯಲ್ಲಿ ಎಲ್ಲ ಸರಿಯಾಗಿದೆ. ಬಾಲ್ಕನಿಯ ಗಿಡಗಳಲ್ಲಿ ಎರಡು ಒಣಗಿವೆ. ಅವಳಿಗೆ ಒಂದು ಎಂದು ಬರೆದಿದ್ದೇನೆ. ಫೋನು ಅಕ್ಟೋಬರಿನಿಂದ ಕೆಟ್ಟಿದೆ. ದೂರು ಕೊಟ್ಟಿದ್ದೇನೆ, ಸರದಿಯಲ್ಲಿದೆ. ‘ನೀವೇ ದೂರವಾಣಿ ಇಲಾಖೆಯ ಎಂಜಿನಿಯರು, ಒಂದು ಮಾತು ಹೇಳಿದ್ರೆ ನಾಳೇನೇ ಲೈನ್‌ಮನ್ ಬರ್ತಾನೆ’ ಎಂದು ಪಕ್ಕದ ಮನೆಯವರು ಕಂಡಾಗಲೆಲ್ಲ ಹೇಳುತ್ತಾರೆ. ಆ ಒಂದು ಮಾತನ್ನು ಹೇಳದೆ ಇಷ್ಟು ವರ್ಷ ಕೆಲಸ ಮಾಡಿದ್ದೇನೆ. ಆದ್ದರಿಂದ ಕಾಗದ.

ಬರೆಯುತ್ತಿರುವ ಕಾರಣ ಇಲಾಖೆಯದು. ನಿಮ್ಮ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೊಠಡಿಗೆ ನಾವು ಕೊಟ್ಟಿರುವ ಅಂತರರಾಷ್ಟ್ರೀಯ ಸಂಪರ್ಕ ಒಂದು ವರ್ಷದ ಪ್ರಯೋಗ. ಅದು ಮಾರ್ಚ್ ೩೧ಕ್ಕೆ ಮುಗಿಯುತ್ತದೆ. ಮುಂದುವರಿಸಬೇಕೇ, ಬೇರೆ ಸಂಸ್ಥೆಗಳಿಗೂ ಕೊಡಬೇಕೇ, ಕೊಟ್ಟರೆ ಯಾವ ಪ್ರೋಟೋಕಾಲಿನಲ್ಲಿ ಎಂದು ತೀರ್ಮಾನಿಸಲು ಐದು ಜನರ ಸಮಿತಿ ಆಗಿದೆ. ವರದಿ ಬರೆಯುವವನು ನಾನು. ಆ ಕೊಠಡಿ ನೋಡಿಕೊಳ್ಳುವವನು ನನ್ನ ಹೆಂಡತಿಯ ತಮ್ಮ ಎಂದು ಅಧ್ಯಕ್ಷರಿಗೆ ಮೊದಲೇ ತಿಳಿಸಿದೆ. ‘ಒಳ್ಳೇದೇ ಆಯ್ತು ಬಿಡಿ, ಮನೆಯವನು, ನಿಜ ಹೇಳ್ತಾನೆ’ ಅಂದರು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಗೊಂದಲ ಬೇಡ ಎಂದು. ಎರಡು ಯಂತ್ರಗಳು ಮಾತಾಡಬೇಕಾದರೆ ಮೊದಲು ಮಾತಿನ ನಿಯಮ ಒಪ್ಪಿಕೊಂಡಿರಬೇಕು. ಒಂದು ನಿಯಮಾವಳಿ ಎಲ್ಲ ದೇಶಗಳ ಇಲಾಖೆಗಳು ಸೇರಿ ವರ್ಷಗಟ್ಟಲೆ ಕೂತು ಒಪ್ಪಿದ್ದು. ಏಳು ಪದರದ ಮಾದರಿ. ಇನ್ನೊಂದು ಕೆಲವು ವಿಶ್ವವಿದ್ಯಾಲಯದವರು ತಮ್ಮ ಪಾಡಿಗೆ ಬರೆದುಕೊಂಡು ಹಂಚಿಕೊಂಡದ್ದು, ಐಪಿ ಎನ್ನುತ್ತಾರೆ. ನಿನ್ನ ಅನುಮತಿ ಪತ್ರದಲ್ಲಿರುವುದು ಮೊದಲನೆಯದು ಮಾತ್ರ.

ಮೂರು ವಿಷಯ ತಿಳಿಸು. ಸಂಪರ್ಕ ಚೆನ್ನಾಗಿ ನಡೆಯುತ್ತಿದೆಯೇ? ಯಾರು ಬಳಸುತ್ತಾರೆ? ಅವರಿಗೆ ಬೇಕಾದದ್ದು ಸಿಗುತ್ತಿದೆಯೇ?

ಅಕ್ಕನ ಕಾಗದ ಇಲ್ಲಿಗೆ ಬರಲು ಮೂರು ವಾರ. ನವೆಂಬರಿನಲ್ಲಿ ಒಮ್ಮೆ ದೊಡ್ಡ ಅಂಚೆ ಕಚೇರಿಗೆ ಹೋಗಿ ಮೂರು ನಿಮಿಷದ ಕರೆ ಬುಕ್ ಮಾಡಿದ್ದೆ. ಎರಡು ನಿಮಿಷ ‘ಕೇಳಿಸ್ತಾ ಇದೆಯಾ’ ಎಂಬುದರಲ್ಲೇ ಹೋಯಿತು. ಉಳಿದ ಒಂದು ನಿಮಿಷದಲ್ಲಿ ಏನು ಹೇಳುವುದೆಂದು ಇಬ್ಬರಿಗೂ ತೋಚಲಿಲ್ಲ.

ನಿನ್ನ ಭಾವ

*

೧೩ ಜನವರಿ ೧೯೯೦
ಕಂಪ್ಯೂಟರ್ ಕೊಠಡಿ

ಭಾವನವರಿಗೆ,

ಕಾಗದ ಸಿಕ್ಕಿತು. ‘ಮೈದುನನಿಗೆ’ ಎಂದು ನೋಡಿ ಸಮನ್ಸ್ ಬಂತೇನೋ ಅಂದುಕೊಂಡೆ. ಅಕ್ಕನ ಹಾಗೆ ‘ಕೊಕ್ಕರೆ’ ಎಂದೇ ಕರೆಯಿರಿ, ನನಗೆ ಬೇಜಾರಿಲ್ಲ. ಕಾಲು ಉದ್ದ ಇರುವುದು ನಿಜ ತಾನೇ.

ಒಂದನೆಯದಕ್ಕೆ ಉತ್ತರ: ಬಹಳ ಚೆನ್ನಾಗಿ ನಡೆಯುತ್ತಿದೆ. ಹೋಗುವುದೆಲ್ಲ ಇಲಾಖೆಯ ತಂತಿಯ ಮೇಲೆ, ಇಲಾಖೆಯ ಎಕ್ಸ್‌ಚೇಂಜಿನ ಮೂಲಕ, ಇಲಾಖೆ ಒಪ್ಪಿದ ಪ್ಯಾಕೆಟ್ಟಿನಲ್ಲೇ ಹೋಗುತ್ತಿದೆ.

ಎರಡನೆಯದಕ್ಕೆ: ಮೊದಲು ಯಾರೂ ಬರುತ್ತಿರಲಿಲ್ಲ. ಈಗ ಕುರ್ಚಿ ಸಾಲದು. ನಮ್ಮದು ಕಲ್ಲಿನ ಮಾದರಿಗಳ ಉಗ್ರಾಣದ ಮೇಲಿನ ಕೊಠಡಿ. ಏಸಿಯ ನೀರು ಒಂದು ಬಕೆಟ್ಟಿಗೆ ತೊಟ್ಟಿಕ್ಕುತ್ತದೆ, ತುಂಬಿದಾಗ ಯಾರು ಟರ್ಮಿನಲ್ಲಿನ ಮುಂದೆ ಕೂತಿದ್ದಾರೋ ಅವರು ಎದ್ದು ಚೆಲ್ಲಬೇಕೆಂದು ನಿಯಮ ಮಾಡಿದ್ದೇನೆ. ಉಬ್ಬರವಿಳಿತ ಲೆಕ್ಕ ಹಾಕುವ ಪ್ರೊಫೆಸರ್ ಒಬ್ಬರಿದ್ದಾರೆ, ನಾವು ಅವರನ್ನು ಉಬ್ಬರದ ಮೇಷ್ಟ್ರು ಅನ್ನುತ್ತೇವೆ. ಅಕ್ಕನಿಗೆ ಪಾಠ ಹೇಳಿದವರು. ಅವರು ಬಕೆಟ್ ತುಂಬುವ ಮುಂಚೆ ಎದ್ದು ಹೋಗುವುದನ್ನು ಕರಾರುವಾಕ್ಕಾಗಿ ಲೆಕ್ಕ ಹಾಕಿಟ್ಟಿದ್ದಾರೆ. ‘ಏನ್ ಸಾರ್, ಬಕೆಟ್ಟು?’ ಅಂದರೆ ‘ಇನ್ನೂ ಇಳಿತ ಕಣಪ್ಪಾ’ ಅನ್ನುತ್ತಾರೆ.

ಮೂರನೆಯದಕ್ಕೆ: ಸಿಗುತ್ತಿದೆ. ಬಂದರಿನ ಹೂಳಿನ ಬಗ್ಗೆ ಮೇಷ್ಟ್ರು ಹೊರದೇಶದವರನ್ನು ಕೇಳಿದ ಪ್ರಶ್ನೆಗೆ ಉತ್ತರ ಮಧ್ಯಾಹ್ನದೊಳಗೆ ಬಂತು. ಮೊದಲಾಗಿದ್ದರೆ ಎರಡು ತಿಂಗಳು.

ನಿಮ್ಮ ಏಳು ಪದರದ ಬಗ್ಗೆ ಒಂದು ಮಾತು, ವರದಿಗಲ್ಲ, ತಮಾಷೆಗೆ. ಅದು ಏಳು ಅಂತಸ್ತಿನ ಕಟ್ಟಡ ಭಾವ. ನೆಲಮಹಡಿ ಗಟ್ಟಿಯಾಗಿದೆ. ಮೇಲಿನ ಅಂತಸ್ತುಗಳಿಗೆ ಇನ್ನೂ ಯಾರೂ ಬಾಡಿಗೆಗೆ ಬಂದಿಲ್ಲ.

ಕೊಕ್ಕರೆ

*

೨೦ ಜನವರಿ ೧೯೯೦
ಇಲಾಖೆಯ ವಸತಿಗೃಹ

ಮೈದುನನಿಗೆ,

ನಿನ್ನ ಉತ್ತರ ಉಪಯೋಗಕ್ಕೆ ಬಂತು. ಕಟ್ಟಡದ ಉಪಮೆ ಬಿಟ್ಟು ಉಳಿದದ್ದನ್ನು ಬಳಸಿಕೊಂಡಿದ್ದೇನೆ.

ಗುರುವಾರ ನಾನೇ, ಕಂಪ್ಯೂಟರ್ ಕರೆಗಳನ್ನು ಜೋಡಿಸುವ ಪ್ಯಾಕೆಟ್ ಎಕ್ಸ್‌ಚೇಂಜಿಗೆ ಹೋಗಿ ನಿಮ್ಮ ಸಂಪರ್ಕ ನೋಡಿದೆ. ಪಾಳಿಯ ಮೇಲ್ವಿಚಾರಕಿ ಪರದೆ ತೋರಿಸಿದಳು. ಬೇರೆ ಗ್ರಾಹಕರ ಕರೆಗಳು ಏಳುತ್ತವೆ, ಬೀಳುತ್ತವೆ. ಬ್ಯಾಂಕಿನದು ಎರಡು ನಿಮಿಷ, ಬಂದರು ಕಚೇರಿಯದು ಐದು. ನಿಮ್ಮದು ಒಂದೇ ಕರೆ, ಡಿಸೆಂಬರ್ ಮೊದಲ ವಾರದಲ್ಲಿ ಹಚ್ಚಿದ್ದು, ಇನ್ನೂ ಕಡಿದಿಲ್ಲ. ‘ಯಾರ್ ಸಾರ್ ಇವರು, ಇಷ್ಟೊಂದು ಮಾತಾಡೋದು? ಹೊಸದಾಗಿ ಮದುವೆ ಗೊತ್ತಾದವರಾ?’ ಅಂದಳು. ವಿಶ್ವವಿದ್ಯಾಲಯ ಎಂದೆ. ‘ಹಾಗಾದ್ರೆ ಸರಿ, ಅವರಿಗೆ ಬೇರೆ ಕೆಲಸ ಏನಿರುತ್ತೆ’ ಅಂದಳು.

ಒಂದು ತಿಂಗಳಿಗೂ ಮೇಲೆ ಕಡಿಯದ ಕರೆಯನ್ನು ನಾನು ನನ್ನ ಸೇವೆಯಲ್ಲಿ ನೋಡಿಲ್ಲ. ನಮ್ಮ ಜಾಲ ಅಷ್ಟು ಸ್ಥಿರ ಎಂದು ನಾನೇ ನಂಬಿರಲಿಲ್ಲ. ವರದಿಯ ನಾಲ್ಕನೆಯ ಪುಟದಲ್ಲಿ ಈ ವಾಕ್ಯ ಸೇರಿಸಿದ್ದೇನೆ: ‘ಏಳು ಪದರದ ಮಾದರಿಯನ್ನು ಮಾತ್ರ ಬಳಸುತ್ತಿರುವ ಈ ಸಂಸ್ಥೆಯ ಕರೆ ಒಂದು ತಿಂಗಳಿಗೂ ಹೆಚ್ಚು ಕಾಲ ಅಡಚಣೆಯಿಲ್ಲದೆ ನಡೆದಿರುವುದು ಆ ಮಾದರಿಯ ವಿಶ್ವಾಸಾರ್ಹತೆಗೆ ನೇರ ಸಾಕ್ಷಿ.’

ಇದರ ಮೇಲೆ ಶಿಫಾರಸು ನಿಂತಿದೆ. ನಿಮ್ಮ ಸಂಪರ್ಕ ಮುಂದುವರಿಯಲಿ, ಏಳು ಪದರದಲ್ಲಿ ಮಾತ್ರ. ಗಣಿತ ಸಂಸ್ಥೆಯವರೂ ಕಣ್ಣಾಸ್ಪತ್ರೆಯ ಸಂಶೋಧನಾ ವಿಭಾಗದವರೂ ಐಪಿಗೆ ಅರ್ಜಿ ಹಾಕಿದ್ದಾರೆ, ಅವನ್ನು ತಿರಸ್ಕರಿಸಬಹುದು. ಮುಂದೆ ಎಕ್ಸ್‌ಚೇಂಜಿನಲ್ಲೇ ತಪಾಸಣೆ ಇಟ್ಟು, ಬೇರೆ ಯಾವುದು ಕಂಡರೂ ಕಡಿಯುವ ವ್ಯವಸ್ಥೆ ಮಾಡಬಹುದು. ಅಧ್ಯಕ್ಷರು ಓದಿ, ‘ಇಷ್ಟು ದಿನ ನಮ್ಮ ಹತ್ರ ತತ್ವ ಇತ್ತು, ಪುರಾವೆ ಇರಲಿಲ್ಲ. ನಿಮ್ಮ ಮೈದುನ ಕೊಟ್ಟ’ ಅಂದರು.

ನಾನು ಯಾರನ್ನೂ ಸುಲಭವಾಗಿ ಹೊಗಳುವುದಿಲ್ಲ. ಕೆಲಸ ಚೆನ್ನಾಗಿ ಮಾಡಿದ್ದೀಯ.

ಭಾವ

*

೨೭ ಜನವರಿ ೧೯೯೦
ಕಂಪ್ಯೂಟರ್ ಕೊಠಡಿ

ಭಾವನವರಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಹೊಗಳಿಕೆಗೆ ನಾನು ತಕ್ಕವನಲ್ಲ. ಇದು ವಿನಯವಲ್ಲ.

ಆ ನಾಲ್ಕನೆಯ ಪುಟದ ವಾಕ್ಯ ಇರಲೇಬೇಕೇ? ಒಂದು ಕರೆ ಕಡಿಯದೆ ಇರುವುದಕ್ಕೆ ನೂರು ಕಾರಣ ಇರುತ್ತದೆ. ನಮ್ಮ ಮೋಡೆಮ್ ಹೊಸದು. ಮಳೆಯೂ ಇಲ್ಲ. ಒಂದೇ ಕೊಠಡಿಯ ಅನುಭವದ ಮೇಲೆ ಇಡೀ ದೇಶಕ್ಕೆ ನಿಯಮ ಮಾಡುವುದು ಅವಸರವಾಯಿತೇನೋ. ಗಣಿತದವರ, ಕಣ್ಣಾಸ್ಪತ್ರೆಯವರ ಅರ್ಜಿಯನ್ನು ಬಾಕಿ ಇಡಿ ಎಂದು ಬರೆದರೆ ಯಾರ ಗಂಟೂ ಹೋಗುವುದಿಲ್ಲ. ಯೋಚಿಸಿ.

ಉಬ್ಬರದ ಮೇಷ್ಟ್ರು ಕೇಳುತ್ತಿದ್ದರು, ‘ಏನಯ್ಯಾ, ನಿಮ್ಮ ಭಾವ ಒಪ್ಪಿದರಾ?’ ಅಂತ. ‘ತುಂಬಾ ಒಪ್ಪಿದ್ದಾರೆ ಸಾರ್, ಅದೇ ಕಷ್ಟ’ ಅಂದೆ. ಅವರಿಗೆ ಅರ್ಥವಾಗಲಿಲ್ಲ.

ಬೇರೆ ವಿಷಯ. ಅಕ್ಕನ ಕಾಟದ ಹಲ್ಲನ್ನು ಕೊನೆಗೂ ಕಿತ್ತರು, ಎಡಗಡೆಯದು. ಕೆನ್ನೆ ಊದಿಸಿಕೊಂಡೇ ಕೆಲಸಕ್ಕೆ ಹೋಗಿದ್ದಾಳೆ, ಕೇಳುವವರು ಯಾರು. ಈಗ ನೋವು ಕಡಿಮೆಯಂತೆ. ಚಿಂತೆ ಮಾಡಬೇಡಿ.

ಕೊಕ್ಕರೆ

*

೩ ಫೆಬ್ರವರಿ ೧೯೯೦
ಇಲಾಖೆಯ ವಸತಿಗೃಹ

ಮೈದುನನಿಗೆ,

ವಿನಯವಲ್ಲ ಎಂದು ಬರೆಯುವುದೇ ವಿನಯದ ಲಕ್ಷಣ. ವಾಕ್ಯ ಇರುತ್ತದೆ. ವರದಿಯ ಪ್ರತಿಗಳು ಸದಸ್ಯರಿಗೆ ಹೋಗಿವೆ. ಸಭೆ ಮಾರ್ಚ್ ೧೪ಕ್ಕೆ.

ಹಲ್ಲಿನ ವಿಷಯ ನನಗೆ ತಿಳಿದಿರಲಿಲ್ಲ. ನಿನಗೆ ಮೊದಲು ಬರೆದಿದ್ದಾಳೆ ಎಂದು ಕಾಣುತ್ತದೆ. ಚಿಕ್ಕಂದಿನಿಂದ ನಿಮ್ಮಿಬ್ಬರದು ಹಾಗೇ. ನನಗೆ ಬಂದ ಕೊನೆಯ ಕಾಗದದಲ್ಲಿ ಹಲ್ಲು ಇರಲಿಲ್ಲ, ಬೇರೊಂದು ಇತ್ತು. ಅಲ್ಲಿಯ ಸಮುದ್ರ ಅಧ್ಯಯನ ಕೇಂದ್ರದವರು ಇನ್ನೂ ಎರಡು ವರ್ಷ ಇರಲು ಕೇಳಿದ್ದಾರಂತೆ, ಮಾರ್ಚ್ ಕೊನೆಗೆ ಉತ್ತರ ಕೊಡಬೇಕಂತೆ, ನೀವೇನು ಹೇಳುತ್ತೀರಿ ಎಂದು ಕೇಳಿದ್ದಳು. ‘ನಿನ್ನ ಇಷ್ಟ’ ಎಂದು ಬರೆದೆ. ಅವಳ ಕೆಲಸಕ್ಕೆ ನಾನು ಯಾವತ್ತೂ ಅಡ್ಡ ಬಂದವನಲ್ಲ.

ಬಾಲ್ಕನಿಯಲ್ಲಿ ಈಗ ಒಂದು ಗಿಡ ಉಳಿದಿದೆ.

ಭಾವ

*

೧೯ ಫೆಬ್ರವರಿ ೧೯೯೦
ಇಲಾಖೆಯ ವಸತಿಗೃಹ

ಮೈದುನನಿಗೆ,

ಎರಡು ವಾರದಿಂದ ನಿನ್ನ ಕಾಗದ ಇಲ್ಲ.

ನಿನ್ನ ಅಕ್ಕನದು ಇಂದು ಬಂತು. ಜನವರಿ ೨೫ರಂದು ಬರೆದದ್ದು. ‘ನಿನ್ನೆ ಹಲ್ಲು ಕಿತ್ತರು, ಮೊದಲು ನಿಮಗೇ ಬರೆಯುತ್ತಿದ್ದೇನೆ’ ಎಂದಿದ್ದಾಳೆ. ನೀನು ನನಗೆ ಆ ಹಲ್ಲಿನ ಬಗ್ಗೆ ಬರೆದದ್ದು ೨೭ಕ್ಕೆ.

ಮೂರು ದಿನದಲ್ಲಿ ಯಾವ ಕಾಗದವೂ ಸಮುದ್ರ ದಾಟುವುದಿಲ್ಲ. ಏಳು ಪದರದ ಕಂಪ್ಯೂಟರ್ ಅಂಚೆ ಯಾವ ಯಾವ ಸಂಸ್ಥೆಗಳಿಗೆ ಹೋಗುತ್ತದೆ ಎಂಬುದು ನನಗೆ ಬಾಯಿಪಾಠ. ಅವಳ ಕೇಂದ್ರ ಅದರಲ್ಲಿ ಇಲ್ಲ.

ಕರೆ ಯಾಕೆ ಕಡಿದಿಲ್ಲ?

ಭಾವ

*

೨೫ ಫೆಬ್ರವರಿ ೧೯೯೦
ಕಂಪ್ಯೂಟರ್ ಕೊಠಡಿ

ಭಾವ,

ಕಡಿಯದೆ ಇರುವುದು ಏಕೆಂದರೆ ಅದು ಕರೆಯೇ ಅಲ್ಲ.

ನಿಮಗೆ ಕರೆ ಎಂದರೆ ಹಚ್ಚುವುದು, ಮಾತಾಡುವುದು, ಇಡುವುದು. ಐಪಿಯಲ್ಲಿ ಹಚ್ಚುವುದೂ ಇಲ್ಲ, ಇಡುವುದೂ ಇಲ್ಲ. ಸುದ್ದಿಯ ಪ್ರತಿ ತುಂಡಿನ ಮೇಲೂ ವಿಳಾಸ ಇರುತ್ತದೆ, ಅದು ತನ್ನ ದಾರಿ ಹಿಡಿದು ಹೋಗುತ್ತದೆ. ನಾನು ಮಾಡಿರುವುದು ಇಷ್ಟು: ಡಿಸೆಂಬರಿನಲ್ಲಿ ನಿಮ್ಮ ಜಾಲದಲ್ಲಿ ಆಚೆ ದೇಶದ ಒಂದು ವಿಶ್ವವಿದ್ಯಾಲಯಕ್ಕೆ ಒಂದು ಕರೆ ಹಚ್ಚಿದೆ. ಅದನ್ನು ಹಾಗೇ ಬಿಟ್ಟು, ನಮ್ಮ ಐಪಿ ಲಕೋಟೆಗಳನ್ನು ನಿಮ್ಮ ಪ್ಯಾಕೆಟ್ಟಿನ ಲಕೋಟೆಯೊಳಗಿಟ್ಟು ಕಳಿಸುತ್ತಿದ್ದೇನೆ. ಸ್ವಲ್ಪ ಹೊತ್ತು ಯಾರೂ ಏನೂ ಕಳಿಸದಿದ್ದರೆ ಎಕ್ಸ್‌ಚೇಂಜು ಕರೆ ಕಡಿಯುತ್ತದೆ. ಆದ್ದರಿಂದ ಆಗಾಗ ಒಂದು ಖಾಲಿ ಲಕೋಟೆ ಹೋಗುವ ಹಾಗೆ ಮಾಡಿದ್ದೇನೆ. ನಿಮ್ಮ ತಂತಿ, ನಿಮ್ಮ ಎಕ್ಸ್‌ಚೇಂಜು, ನಿಮ್ಮ ಪ್ಯಾಕೆಟ್ಟು ಎಂದು ಜನವರಿಯಲ್ಲಿ ಬರೆದಿದ್ದೆ. ಒಂದು ಅಕ್ಷರವೂ ಸುಳ್ಳಲ್ಲ. ಸುಳ್ಳಾಗದ ಹಾಗೆ ಬರೆಯಲು ಒಂದು ಸಂಜೆ ಹಿಡಿಯಿತು.

ಮೊದಲ ಎಂಟು ತಿಂಗಳು ನಿಮ್ಮ ಏಳು ಪದರವನ್ನೇ ಇಟ್ಟುಕೊಂಡಿದ್ದೆ. ಆಚೆ ಕಡೆ ಉತ್ತರ ಕೊಡುತ್ತಿದ್ದುದು ಒಂದೇ ಯಂತ್ರ, ಅದೂ ‘ನಿಮ್ಮ ಪರೀಕ್ಷಾ ಸಂದೇಶ ತಲುಪಿದೆ’ ಎಂಬ ಒಂದೇ ಸಾಲು. ಉಬ್ಬರದ ಮೇಷ್ಟ್ರು ಅದನ್ನು ನೋಡಿ, ‘ಇದು ಯಾರು, ಬಹಳ ಸಭ್ಯಸ್ಥ, ಆದರೆ ಮಾತೇ ಬರಲ್ವಲ್ಲ’ ಅಂದಿದ್ದರು. ಆಮೇಲೆ ಯಾರೂ ಬರಲಿಲ್ಲ. ಮೇಷ್ಟ್ರಿಗೆ ಬೇಕಾದವರು, ಅಕ್ಕ, ಅಕ್ಕನ ಕೇಂದ್ರ, ಎಲ್ಲರೂ ಇರುವುದು ಐಪಿಯ ಕಡೆ.

ನಿಮಗೆ ಮೊದಲೇ ಹೇಳಬೇಕಿತ್ತು. ಹೇಳಿದ್ದರೆ ನೀವು ಅವತ್ತೇ ಕಡಿಯುತ್ತಿದ್ದಿರಿ, ನಿಮ್ಮ ಜಾಗದಲ್ಲಿ ನೀವು ಸರಿಯಾಗಿಯೂ ಇರುತ್ತಿದ್ದಿರಿ. ನೀವು ಅದನ್ನೇ ಪುರಾವೆ ಮಾಡಿಕೊಂಡು ವರದಿ ಬರೆಯುತ್ತೀರಿ ಎಂದು ನನಗೆ ಹೇಗೆ ಹೊಳೆಯಬೇಕು. ಜನವರಿಯಿಂದ ನನಗೆ ಊಟ ಸೇರುತ್ತಿಲ್ಲ. ಎರಡು ವಾರ ಬರೆಯದೆ ಇದ್ದದ್ದು ಅದಕ್ಕೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ನೀವು ಬೈಯುವುದಾದರೆ ಒಟ್ಟಿಗೇ ಬೈಯಿರಿ. ನಾನೂ ಅಕ್ಕನೂ ದಿನ ಬಿಟ್ಟು ದಿನ ಬರೆದುಕೊಳ್ಳುತ್ತೇವೆ. ನಮ್ಮ ಅಕ್ಷರ ಈ ಯಂತ್ರಕ್ಕೆ ಬರುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ನಮ್ಮ ಮಾತು ಬರೆಯುತ್ತೇವೆ. ಓದುವಾಗ ಬಾಯಲ್ಲಿ ಕಲ್ಲಿಟ್ಟುಕೊಂಡು ಮಾತಾಡಿದ ಹಾಗೆ ಇರುತ್ತದೆ, ಆದರೆ ಅವಳ ದನಿ ಕೇಳಿಸುತ್ತದೆ. ನಿಮ್ಮ ‘ನಿನ್ನ ಇಷ್ಟ’ ಕಳೆದ ವಾರ ಅವಳ ಕೈ ಸೇರಿತು. ಅವಳು ಬರೆದದ್ದನ್ನು ಹಾಗೇ ಇಳಿಸುತ್ತೇನೆ:

‘ಕೊಕ್ಕರೆ, ನಿನ್ನ ಭಾವ ಉತ್ತರ ಕಳಿಸಿದಾರೆ ಕಣೋ. ಎರಡು ಪದ. ಗೇಟ್‌ಪಾಸಿಗೆ ಸಹಿ ಹಾಕಿದ ಹಾಗಿದೆ. ನಾನು ಕೇಳಿದ್ದು ಅನುಮತಿ ಅಲ್ಲ. ಅವರಿಗೆ ಏನನಿಸುತ್ತೆ ಅಂತ. ಏನೂ ಅನಿಸದಿದ್ದರೆ ಇಲ್ಲೇ ಇರೋದು ಸುಲಭ. ನೀನು ಅವರಿಗೆ ಏನೂ ಹೇಳಬೇಡ.’

ಹೇಳಿಬಿಟ್ಟೆ. ಅವಳು ಮಾರ್ಚ್ ೩೧ರೊಳಗೆ ಉತ್ತರ ಕೊಡಬೇಕು. ನಿಮ್ಮ ಕಾಗದ ಅಷ್ಟರಲ್ಲಿ ತಲುಪಿದರೆ ಪುಣ್ಯ. ನೀವು ಒಂದು ಸಾಲು ಬರೆದು ಕೊಡಿ, ನನ್ನ ಕೈಗೆ ಬಂದ ದಿನವೇ ಅವಳ ಮೇಜಿನ ಮೇಲೆ ಇರುತ್ತದೆ.

ನಿಮ್ಮ ಕೊಕ್ಕರೆ

*

೪ ಮಾರ್ಚ್ ೧೯೯೦, ಭಾನುವಾರ
ಇಲಾಖೆಯ ವಸತಿಗೃಹ

ಮೈದುನನಿಗೆ,

ಕಾಗದ ಬಂತು. ಅರ್ಥವಾಯಿತು.

ಸಾಲು ಕೊಡುವುದಿಲ್ಲ. ಆ ಸಂಪರ್ಕ ಇರಬೇಕೋ ಹೋಗಬೇಕೋ ಎಂದು ಹೇಳುವ ಕುರ್ಚಿಯಲ್ಲಿ ನಾನು ಕೂತಿದ್ದೇನೆ. ಹಗಲು ಅದನ್ನು ನಿಷೇಧಿಸಿ ಎಂದು ಬರೆದು ಅದರಲ್ಲೇ ಹೆಂಡತಿಗೆ ಸುದ್ದಿ ಕಳಿಸುವ ಮನುಷ್ಯ ಹೇಗಿರುತ್ತಾನೆ ಎಂದು ಯೋಚಿಸಿ ನೋಡು. ನನಗೆ ಅಂಥವರ ಪರಿಚಯ ಕಚೇರಿಯಲ್ಲಿ ಸಾಕಷ್ಟಿದೆ. ಅವಳಿಗೆ ಇಂದು ಅಂಚೆಯಲ್ಲಿ ಬರೆದಿದ್ದೇನೆ. ಗಿಡಗಳ ನಿಜವಾದ ಲೆಕ್ಕ ಕೊಟ್ಟಿದ್ದೇನೆ. ಬೇರೇನು ಬರೆಯಬೇಕೆಂದು ತಿಳಿಯಲಿಲ್ಲ.

ನಿನ್ನ ಮೇಲೆ ಕೋಪವಿದೆಯೇ ಎಂದು ಕೇಳಿಕೊಂಡೆ. ಇರಬೇಕು. ಆದರೆ ಹೆಚ್ಚು ಕಾಡುವುದು ಬೇರೆ. ಕರೆಯನ್ನು ಪರದೆಯ ಮೇಲೆ ನಾನೇ ನೋಡಿದೆ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದವನು ಅದನ್ನು ನೋಡಿ ಮೊದಲು ಕೇಳಬೇಕಾದ ಪ್ರಶ್ನೆ, ಇದು ಯಾಕೆ ಕಡಿದಿಲ್ಲ ಎಂಬುದು. ನಾನು ಕೇಳಲಿಲ್ಲ. ನನಗೆ ಬೇಕಾದ ಉತ್ತರ ಅಲ್ಲಿ ಮೊದಲೇ ಕೂತಿತ್ತು.

ಶುಕ್ರವಾರ ಮತ್ತೆ ಎಕ್ಸ್‌ಚೇಂಜಿಗೆ ಹೋಗಿದ್ದೆ. ಅದೇ ಮೇಲ್ವಿಚಾರಕಿ ಇದ್ದಳು. ‘ನಿಮ್ಮ ಮದುವೆ ಗೊತ್ತಾದವರು ಇನ್ನೂ ಮಾತಾಡ್ತಾನೇ ಇದಾರೆ ಸಾರ್. ಕಡಿಸೋಣವಾ? ಒಂದು ಗುಂಡಿ ಒತ್ತಿದ್ರೆ ಆಯ್ತು.’ ಬೇಡ ಎಂದೆ. ಯಾವ ಅಧಿಕಾರದ ಮೇಲೆ ಬೇಡ ಎಂದೆನೋ ನನಗೆ ಗೊತ್ತಿಲ್ಲ. ಅವಳು ಕೇಳಲೂ ಇಲ್ಲ.

ಭಾವ

*

೮ ಮಾರ್ಚ್ ೧೯೯೦
ಕಂಪ್ಯೂಟರ್ ಕೊಠಡಿ

ಭಾವ,

ನಿಮ್ಮ ಕಾಗದ ಬಂದ ಮೇಲೆ ಉಬ್ಬರದ ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು ಬಕೆಟ್ ಇಣುಕಿ ನೋಡಿ, ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

‘ನಿಮ್ಮ ಭಾವನಿಗೆ ಇನ್ನೆಷ್ಟು ವರ್ಷ ಸರ್ವೀಸಿದೆ?’ ಅಂದರು.

‘ಹನ್ನೆರಡೋ ಹದಿಮೂರೋ ಸಾರ್.’

‘ಹಾಗಾದ್ರೆ ಸುಮ್ನಿರು. ನಮ್ಮ ಹೂಳು ಇನ್ನೂ ಇಪ್ಪತ್ತು ವರ್ಷ ಅಲ್ಲೇ ಇರುತ್ತೆ. ಅವರ ಮಾನ ಹೋದ್ರೆ ಯಾವ ಉಬ್ಬರಕ್ಕೂ ವಾಪಸ್ ಬರಲ್ಲ.’

ನನಗೆ ಅನಿಸಿದ್ದು ಇದು. ಹದಿಮೂರನೆಯ ತಾರೀಕು, ಮಂಗಳವಾರ ಸಂಜೆ, ನಿಮ್ಮ ಸಭೆಯ ಹಿಂದಿನ ದಿನ, ನಾನೇ ಕರೆ ಕಡಿಯುತ್ತೇನೆ. ಏಳು ಪದರವನ್ನು ಮತ್ತೆ ಹಾಕುತ್ತೇನೆ. ಆ ಸಭ್ಯಸ್ಥ ಯಂತ್ರ ನಮ್ಮ ಪರೀಕ್ಷಾ ಸಂದೇಶ ತಲುಪಿದೆ ಅನ್ನುತ್ತಿರಲಿ. ನಿಮ್ಮ ವಾಕ್ಯ ನಿಂತಲ್ಲೇ ನಿಲ್ಲುತ್ತದೆ, ಅದನ್ನು ತಿರುವಿ ನೋಡುವವರು ಯಾರಿದ್ದಾರೆ. ಅಧ್ಯಕ್ಷರಿಗೆ ಪುರಾವೆ ಇರುತ್ತದೆ. ಗಣಿತದವರಿಗೆ, ಕಣ್ಣಾಸ್ಪತ್ರೆಯವರಿಗೆ ಸಿಗುವುದಿಲ್ಲ, ನಮಗೂ ಇರುವುದಿಲ್ಲ. ಎರಡು ಮೂರು ವರ್ಷದಲ್ಲಿ ಇಡೀ ಲೋಕ ಆ ಕಡೆ ಹೋದ ಮೇಲೆ ನಿಮ್ಮ ಇಲಾಖೆಯೇ ನಮ್ಮನ್ನು ಕರೆಯುತ್ತದೆ. ಅಲ್ಲಿಯವರೆಗೆ ಅಂಚೆ ಇದ್ದೇ ಇದೆ.

ನೀವು ಬೇಡ ಅನ್ನದಿದ್ದರೆ ಹಾಗೇ ಮಾಡುತ್ತೇನೆ. ಇಲ್ಲ, ಎಲ್ಲ ನನ್ನ ಮೇಲೆ ಹಾಕುವುದಾದರೂ ಹಾಕಿ, ಮೈದುನ ಮೋಸ ಮಾಡಿದ ಎಂದು. ನಾನು ಹೂಂ ಅನ್ನುತ್ತೇನೆ. ಅದು ಅರ್ಧ ನಿಜವೂ ಹೌದು.

ಅಕ್ಕನಿಗೆ ಇದ್ಯಾವುದನ್ನೂ ತಿಳಿಸಿಲ್ಲ. ‘ನಿನ್ನ ಭಾವ ಹೇಗಿದಾರೆ’ ಎಂದು ಮೊನ್ನೆ ಕೇಳಿದ್ದಳು. ‘ಗಿಡ ಒಣಗಿಸುತ್ತಿದ್ದಾರೆ’ ಅಂದೆ. ‘ಎಷ್ಟು’ ಅಂದಳು.

ಕೊಕ್ಕರೆ

*

೧೩ ಮಾರ್ಚ್ ೧೯೯೦, ಮಂಗಳವಾರ
ಇಲಾಖೆಯ ವಸತಿಗೃಹ

ಕೊಕ್ಕರೆಗೆ,

ನಿನ್ನ ಕಾಗದ ನಿನ್ನೆ ಸಂಜೆ ಬಂತು. ಇಂದು ಬೆಳಿಗ್ಗೆ ಕಚೇರಿಗೆ ಹೋಗುವ ಮುಂಚೆ ಟೆಲಿಗ್ರಾಂ ಕೊಟ್ಟಿದ್ದೇನೆ: ಕಡಿಯಬೇಡ. ಕೌಂಟರಿನವನು ‘ಒಂದೇ ಪದನಾ ಸಾರ್, ಇನ್ನೂ ಕೆಲವು ಪದ ಅದೇ ದರದಲ್ಲಿ ಹೋಗುತ್ತೆ’ ಅಂದ. ಸಾಕು ಎಂದೆ. ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ಅದು ತಲುಪಿರುತ್ತದೆ, ನೀನು ಕಡಿದಿರುವುದಿಲ್ಲ ಎಂದು ನಂಬಿ ಉಳಿದದ್ದನ್ನು ಬರೆಯುತ್ತೇನೆ.

ಇಂದು ಸಂಜೆ ಫೋನು ಸರಿಯಾಯಿತು. ನಮ್ಮ ಸರದಿ ಬಂತು. ಲೈನ್‌ಮನ್ ಹೆಸರಿನ ಫಲಕ ನೋಡಿ, ‘ಸಾರ್, ನೀವು ನಮ್ಮ ಇಲಾಖೆಯವರೇ ಅಲ್ವಾ? ಮೊದಲೇ ಹೇಳಬಾರದಿತ್ತಾ’ ಅಂದ. ಅವನು ಹೋದ ಮೇಲೆ ಮೊದಲ ಕರೆ ಬಂತು. ರಾಂಗ್ ನಂಬರ್. ಆದರೂ ಸ್ವಲ್ಪ ಹೊತ್ತು ಮಾತಾಡಿದೆ. ಅವರಿಗೆ ಬೇಕಾಗಿದ್ದುದು ಒಂದು ಹೊಲಿಗೆ ಅಂಗಡಿ.

ನಿನ್ನ ಉಪಾಯವನ್ನು ಯೋಚಿಸಿದೆ. ಅದರಲ್ಲಿ ತಪ್ಪು ಹುಡುಕಲು ಸ್ವಲ್ಪ ಸಮಯ ಬೇಕಾಯಿತು, ಅಷ್ಟು ಚೆನ್ನಾಗಿದೆ. ತಪ್ಪು ಇದು. ಕರೆ ಕಡಿದರೆ ನನ್ನ ವಾಕ್ಯ ಉಳಿಯುತ್ತದೆ. ಆ ವಾಕ್ಯದ ಮೇಲೆ ಎಕ್ಸ್‌ಚೇಂಜಿನಲ್ಲಿ ತಪಾಸಣೆ ಬರುತ್ತದೆ. ಬೇರೆ ಯಾವನೋ ಒಬ್ಬ ಕಲ್ಲಿನ ಉಗ್ರಾಣದ ಮೇಲೆ ಕೂತು, ಯಾರೋ ಒಬ್ಬರ ಹಲ್ಲಿನ ಸುದ್ದಿ ಕೇಳಲು ಒಂದು ಕರೆ ಹಚ್ಚುತ್ತಾನೆ. ಅದನ್ನು ಕಡಿಯುವ ನಿಯಮದ ಕೆಳಗೆ ನನ್ನ ಸಹಿ ಇರುತ್ತದೆ. ಮತ್ತು ಅದಕ್ಕೆ ಪುರಾವೆ ಎಂದು ನಾನು ತೋರಿಸಿರುವುದು ಅವನಂಥವನೇ ಇನ್ನೊಬ್ಬನ ಕರೆಯನ್ನು.

ಎಲ್ಲವನ್ನೂ ನಿನ್ನ ಮೇಲೆ ಹಾಕುವ ಮಾತು ಬೇಡ. ನೀನು ಸುಳ್ಳು ಬರೆದಿಲ್ಲ, ಅದನ್ನು ನೀನೇ ಹೇಳಿದ್ದೀಯ, ನಾನು ಪರಿಶೀಲಿಸಿದ್ದೇನೆ. ಅನುಮತಿಯ ಷರತ್ತು ಮೀರಿದ್ದು ನಿಜ, ಅದನ್ನು ಅಷ್ಟೇ ಹೇಳುತ್ತೇನೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅದಕ್ಕೆ ನಿನ್ನ ವಿಶ್ವವಿದ್ಯಾಲಯಕ್ಕೆ ಒಂದು ನೋಟಿಸು ಬರಬಹುದು. ಉತ್ತರ ಬರೆಯಲು ನಾನು ಸಹಾಯ ಮಾಡುತ್ತೇನೆ.

ಏಳು ಪದರದ ಮೇಲೆ ನನಗೆ ಈಗಲೂ ಗೌರವವಿದೆ. ಅದನ್ನು ಬರೆದ ಸಮಿತಿಗಳಲ್ಲಿ ಒಂದರಲ್ಲಿ ಮೂರು ವರ್ಷ ಕೂತಿದ್ದೆ. ಎಲ್ಲರೂ ಎಲ್ಲವನ್ನೂ ಒಪ್ಪಿದ ಮೇಲೆ ಮಾತು ಶುರುವಾಗಬೇಕು ಎಂಬುದು ಅದರ ತತ್ವ. ನಾನು ಅದನ್ನು ಮನೆಯಲ್ಲೂ ಹಾಗೇ ನಡೆಸಿಕೊಂಡು ಬಂದೆ ಎಂದು ಕಾಣುತ್ತದೆ. ನಿಮ್ಮದರಲ್ಲಿ ಮೊದಲು ಕಳಿಸಿಬಿಡುತ್ತಾರೆ, ದಾರಿಯಲ್ಲಿ ಕಳೆದುಹೋದರೆ ಮತ್ತೆ ಕಳಿಸುತ್ತಾರೆ. ನನಗೆ ಅದು ಶಿಸ್ತಿಲ್ಲದ್ದು ಎಂದೇ ಅನಿಸುತ್ತದೆ. ಆದರೆ ತಲುಪುತ್ತಿರುವುದು ಅದೇ.

ಈ ಕಾಗದದಲ್ಲೇ ಅವಳಿಗೆ ಒಂದು ಸಂದೇಶವಿದೆ. ಬೇರೆ ಲಕೋಟೆಯಲ್ಲಿ ಮುಚ್ಚಿ ಕೊಡೋಣವೆಂದುಕೊಂಡೆ, ಆಮೇಲೆ ನೀನೇ ಒಂದೊಂದು ಅಕ್ಷರವಾಗಿ ಕುಟ್ಟಬೇಕು ಎಂಬುದು ನೆನಪಾಯಿತು. ಆದ್ದರಿಂದ ಓದು, ನಗಬೇಡ.

‘ನಿನ್ನ ಇಷ್ಟ ಎಂದು ಬರೆದದ್ದು ನಿಜ, ಅದು ಈಗಲೂ ಇದೆ. ನನ್ನದನ್ನು ಬರೆದಿರಲಿಲ್ಲ. ನೀನು ವಾಪಸು ಬರಬೇಕು ಎಂಬುದು ನನ್ನ ಇಷ್ಟ. ಎರಡನ್ನೂ ಮುಂದಿಟ್ಟುಕೊಂಡು ತೀರ್ಮಾನಿಸು. ಗಿಡ ಒಂದು ಉಳಿದಿದೆ, ಯಾವುದು ಎಂದು ನನಗೆ ಹೆಸರು ಗೊತ್ತಿಲ್ಲ.’

ಹೋದ ವಾರ ಕೊಡುವುದಿಲ್ಲ ಎಂದವನು ಈಗ ಯಾಕೆ ಕೊಡುತ್ತಿದ್ದೇನೆ ಎಂದು ನೀನು ಕೇಳಬಹುದು. ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನಾನು ಆ ಕುರ್ಚಿಯಲ್ಲಿ ಇರುವುದಿಲ್ಲ. ತನ್ನ ಪುರಾವೆಯನ್ನೇ ಸುಳ್ಳೆಂದ ಸದಸ್ಯನನ್ನು ಯಾವ ಸಮಿತಿಯೂ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೂ ನಾನು ಇರುವುದಿಲ್ಲ. ಆಮೇಲೆ ನಿನ್ನ ಕೊಠಡಿಗೆ ಬರುವ ಉಳಿದವರ ಹಾಗೆ ನಾನೂ ಒಬ್ಬ. ಬಕೆಟ್ ಚೆಲ್ಲುವ ನನ್ನ ಸರದಿಯನ್ನು ಮೇಷ್ಟ್ರಿಗೆ ವಹಿಸು.

ಅಷ್ಟರಲ್ಲಿ ಇಲಾಖೆಯೇ ಕರೆ ಕಡಿದಿರಬಹುದು. ಹಾಗಾದರೆ ಸಂದೇಶವನ್ನು ಇಟ್ಟುಕೊಂಡಿರು. ಇದೇ ಮಾತನ್ನು ಅಂಚೆಯಲ್ಲೂ ಬರೆದಿದ್ದೇನೆ, ಅದು ಏಪ್ರಿಲ್ ಮೊದಲ ವಾರ ತಲುಪುತ್ತದೆ, ತಡವಾಗಿ. ಕಡಿದಿಲ್ಲದಿದ್ದರೆ ಕಳಿಸು.

ಸಭೆ ನಾಳೆ ಬೆಳಿಗ್ಗೆ ಹತ್ತೂವರೆಗೆ. ನನ್ನ ವರದಿ ಮೊದಲ ವಿಷಯ. ನಾಲ್ಕನೆಯ ಪುಟದ ವಾಕ್ಯವನ್ನು ನಾನೇ ಓದುತ್ತೇನೆ, ಅದು ತಪ್ಪು ಎನ್ನುತ್ತೇನೆ, ಆ ಕರೆಯಲ್ಲಿ ನಿಜವಾಗಿ ಹೋಗುತ್ತಿದ್ದುದು ಏನು ಎಂದು ಹೇಳುತ್ತೇನೆ. ಆಮೇಲೆ ನಿಮ್ಮದೂ ಸೇರಿ ಮೂರು ಸಂಸ್ಥೆಗಳಿಗೂ ಅವರಿಗೆ ಬೇಕಾದ ಪ್ರೋಟೋಕಾಲಿನಲ್ಲೇ ಸಂಪರ್ಕ ಕೊಡಿ ಎಂದು ಶಿಫಾರಸು ಬದಲಿಸುತ್ತೇನೆ. ಯಾರಿಗೂ ಇನ್ನೂ ಹೇಳಿಲ್ಲ.

ಈ ಕಾಗದವನ್ನು ಸಭೆಗೆ ಹೋಗುವ ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕುತ್ತೇನೆ. ಬರುವ ದಾರಿಯಲ್ಲಲ್ಲ.

ಭಾವ